ಸಲಹೆ ನಂಬರ್ ಒಂದು

ಗುರುವಾರದ ವಿಮಾನಕ್ಕೆ ತಾವೆವಾ ದ್ವೀಪಕ್ಕೆ ಹೊರಟಿದ್ದೇನೆ ಎಂದು ಚಹಾ ಕುಡಿಯುತ್ತ ಬಾಯಿಬಿಟ್ಟದ್ದೇ ಇಸಿಕೇಲಿಗೆ ತಪ್ಪಾಯಿತು. ಯಾಕೆ ಹೊರಟಿದ್ದೇನೆ ಎಂಬುದನ್ನೂ ಕಚೇರಿಯಲ್ಲಿ ಪಕ್ಕದ ಮೇಜಿನ ರುಪೇನಿಗೆ ಹೇಳಿಬಿಟ್ಟ. ಸುವಾ ಪೇಟೆಯಲ್ಲಿ ಆಡಿದ ಮಾತು ಆಡಿದವನಿಗಿಂತ ಮೊದಲೇ ಮನೆ ಸೇರುತ್ತದೆ.

ಪ್ರವಾಸಿ ಮಾಹಿತಿ ಕಚೇರಿಯ ಕೌಂಟರಿನಲ್ಲಿ ಕೂತು ಬಂದವರಿಗೆಲ್ಲ ಬುದ್ಧಿ ಹೇಳುವುದೇ ಅವನ ಒಂಬತ್ತು ವರ್ಷದ ನೌಕರಿ. 'ದ್ವೀಪಕ್ಕೆ ಹೋಗುವವರಿಗೆ ಹನ್ನೆರಡು ಸಲಹೆಗಳು' ಎಂಬ ಹಾಳೆ ಬರೆದವನೂ ಅವನೇ. ಈಗ ತಾವೆವಾದ ಹೊಸ ಅತಿಥಿಗೃಹಕ್ಕೆ ಮೇಲ್ವಿಚಾರಕ ಬೇಕಾಗಿದ್ದ. ಗುರುವಾರ ಮಧ್ಯಾಹ್ನ ಎರಡಕ್ಕೆ ಬಂದು ಕಾಣು ಎಂದು ದ್ವೀಪದ ಊರ ಮುಖ್ಯಸ್ಥ ಹೇಳಿಕಳಿಸಿದ್ದ. ಕೆಲಸ ಸಿಕ್ಕರೆ ಕಡಲ ಪಕ್ಕದಲ್ಲೇ ಮನೆ. ಸಿಗದಿದ್ದರೆ ಮತ್ತದೇ ಕೌಂಟರು, ಮತ್ತದೇ 'ಅಲ್ಲಿ ಶಾರ್ಕ್ ಇದೆಯಾ' ಎಂಬ ಪ್ರಶ್ನೆ. ಯೋಚಿಸಿ ಯೋಚಿಸಿ ಅವನಿಗೆ ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ಎದುರುಮನೆಯ ಅಕಾನಿಸಿ ಅಜ್ಜಿ ನಿಂತಿದ್ದಳು.

"ತಾವೆವಾ ಚರ್ಚಿಗೆ ಹಾಡಿನ ಪುಸ್ತಕ ಕಣೋ. ಇಪ್ಪತ್ತೇ ಇರೋದು."

"ಅಜ್ಜಿ, ಭಾರ ಆಗುತ್ತೆ."

"ದೇವರ ಪುಸ್ತಕ ಭಾರ ಅಂತೀಯಾ? ನಿನ್ನ ಬಾಯಲ್ಲಿ ಇಂಥ ಮಾತು ಬರಬಾರದಪ್ಪ."

ಅವಳ ಹಿಂದೆ ನೆರೆಯವನೊಬ್ಬ ತಾವೆವಾದ ತನ್ನ ತಮ್ಮನಿಗೆಂದು ಸೀಸದ ಗುಂಡು ಕಟ್ಟಿದ ಮೀನುಬಲೆ ಹೊತ್ತು ಬಂದ. ಚಿಕ್ಕಮ್ಮ ದಾರಿಗೆಂದು ಒಂದು ಬುಟ್ಟಿ ಬೇಯಿಸಿದ ಮರಗೆಣಸು, ತೆಂಗಿನಹಾಲಿನ ಕಡುಬು ತಂದಳು. ಟ್ಯಾಕ್ಸಿ ಹತ್ತುವಾಗ ರುಪೇನಿ ಓಡಿಬಂದು ಚಾಪೆಯಲ್ಲಿ ಸುತ್ತಿದ ಗಂಟೊಂದನ್ನು ತೊಡೆಯ ಮೇಲಿಟ್ಟ.

"ಇದನ್ನ ಮುಖ್ಯಸ್ಥರ ಕೈಗೇ ಕೊಡ್ಬೇಕು ಮಾರಾಯ. ಮರ್ಯಾದೆ ವಿಷಯ. ಬಿಚ್ಚಬೇಡ."

ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಕಮಲೇಶ ತಕ್ಕಡಿಯ ಮುಳ್ಳು ನೋಡಿ ತಲೆ ಅಲ್ಲಾಡಿಸಿದ. "ನಾಲ್ಕು ಕಿಲೋ ಜಾಸ್ತಿ ಅಣ್ಣ."

ಹೊರಡಲು ಅರ್ಧ ಗಂಟೆಯಿತ್ತು. ಇಸಿಕೇಲಿಗೆ ಬುದ್ಧಿ ಓಡಿತು. ಮೂಲೆಯಲ್ಲಿ ಕೂತು ಮರಗೆಣಸು ಮುಗಿಸಿದ. ಕಣ್ಣಲ್ಲಿ ನೀರು ಬಂದರೂ ಬಿಡದೆ ಕಡುಬನ್ನೂ ಮುಗಿಸಿದ. ಖಾಲಿ ಬುಟ್ಟಿ ಎತ್ತಿಕೊಂಡು ತೇಗುತ್ತ ಬಂದ.

"ಈಗ ನೋಡಿ."

"ಸರಿ, ಈಗ ನೀವೂ ಹತ್ತಿ."

"ನಾನಾ?"

"ಚಿಕ್ಕ ವಿಮಾನ ಅಲ್ವಾ, ಜನರನ್ನೂ ತೂಗ್ತೀವಿ. ನಿಮ್ಮ ಹಾಳೇಲೇ ಬರೆದಿದ್ದೀರಲ್ಲ ಅಣ್ಣ, ಸಲಹೆ ಏಳು."

ಬುಟ್ಟಿಯಲ್ಲಿದ್ದದ್ದು ಹೊಟ್ಟೆಗೆ ಹೋಗಿತ್ತು, ಅಷ್ಟೇ. ಒಟ್ಟು ಲೆಕ್ಕದಲ್ಲಿ ಆ ನಾಲ್ಕು ಕಿಲೋ ಹಾಗೇ ಇತ್ತು.

"ಹಾಗಾದ್ರೆ ಪುಸ್ತಕ ಇಳಿಸಿಬಿಡಿ," ಎಂದ ಇಸಿಕೇಲಿ.

ಸಾಲಿನಲ್ಲಿದ್ದ ತಾವೆವಾದ ಪಾದ್ರಿ ಕೆಮ್ಮಿದರು. "ಮೂರು ವರ್ಷದಿಂದ ಕಾಯ್ತಿದ್ದೀವಿ ಮಗನೇ."

"ಬಲೆ?"

"ಅದು ನಂದು," ಎಂದ ಹಿಂದಿದ್ದವನು. "ಅಣ್ಣ ಫೋನ್ ಮಾಡಿದ್ದ."

ಸಾಲಿಗೆ ಸಾಲೇ ಇಸಿಕೇಲಿಯನ್ನು ನೋಡತೊಡಗಿತು. ಯಾರೂ ಒರಟಾಗಿ ಆಡಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನೀನು ಮುಂದಿನ ಗುರುವಾರ ಬಾ," ಎಂದರು ಪಾದ್ರಿ. "ಮುಖ್ಯಸ್ಥರಿಗೆ ನಾನು ಹೇಳ್ತೀನಿ."

ಇಸಿಕೇಲಿ ತನ್ನ ಚೀಲವನ್ನು ಪಕ್ಕಕ್ಕಿಳಿಸಿದ. ಮುಖ್ಯಸ್ಥರ ಮನಸ್ಸಾದರೂ ಕೆಡದಿರಲಿ ಎಂದು ರುಪೇನಿಯ ಗಂಟನ್ನು ಪಾದ್ರಿಯ ಕೈಗಿತ್ತ. "ಎರಡು ಗಂಟೆಗೆ ಮುಂಚೆ ಅವರಿಗೆ ಮುಟ್ಟಿಸಿ ಪಾದ್ರಿಗಳೇ. ಇಸಿಕೇಲಿ ಕಳಿಸಿದ ಅಂತ ಹೇಳಿ."

ವಿಮಾನ ಅವನೊಬ್ಬನನ್ನು ಬಿಟ್ಟು ಹಾರಿತು.

ಮನೆಯಲ್ಲಿ ನಿಲ್ಲಲಾಗದೆ ಕಚೇರಿಗೇ ಹೋಗಿ ಫೋನಿನ ಮುಂದೆ ಕೂತ. ನಾಲ್ಕು ಸಲ ಎದ್ದ, ನಾಲ್ಕು ಸಲ ಕೂತ. ಎರಡೂವರೆಗೆ ಮುಖ್ಯಸ್ಥನ ಫೋನು ಬಂತು.

"ಇಸಿಕೇಲಿ, ತಿಮಿಂಗಿಲದ ಹಲ್ಲು ಕೈಸೇರಿತಪ್ಪ."

"ಯಾವ ಹಲ್ಲು?"

"ಗಂಟಲ್ಲಿತ್ತಲ್ಲ. ಜೊತೆಗಿದ್ದ ಕಾಗದಾನೂ ಓದಿಸಿದೆ. ನಮ್ಮ ಪದ್ಧತೀಲಿ ಹಲ್ಲು ಕೈಗೆ ತಗೊಂಡ ಮೇಲೆ ಕೇಳಿದ್ದನ್ನ ಇಲ್ಲ ಅನ್ನೋಕಾಗುತ್ತಾ? ಕೆಲಸ ರುಪೇನಿಗೆ ಕೊಟ್ಟೆ. ತನ್ನ ಸೀಟು ಬಿಟ್ಟು ಗೆಳೆಯನ ಹಲ್ಲು ಕಳಿಸೋರು ಈ ಕಾಲದಲ್ಲಿ ಎಲ್ಲಿದ್ದಾರೆ? ಊರಿಗೆಲ್ಲ ನಿಂದೇ ಮಾತು."

ಇಸಿಕೇಲಿ ಫೋನಿಟ್ಟು ಪಕ್ಕದ ಮೇಜಿನ ಕಡೆ ತಿರುಗಿದ. ರುಪೇನಿ ತಲೆಯೆತ್ತದೆ ಡ್ರಾಯರು ಖಾಲಿ ಮಾಡುತ್ತಿದ್ದ.

"ಮುಂದಿನ ಗುರುವಾರ ಹೊರಡ್ತೀಯಾ?"

"ಹೂಂ, ಮಾರಾಯ."

"ಅಕಾನಿಸಿ ಅಜ್ಜಿ ಹತ್ರ ಇನ್ನೂ ಇಪ್ಪತ್ತು ಪುಸ್ತಕ ಇದೆಯಂತೆ. ತಗೊಂಡು ಹೋಗು."

ರುಪೇನಿ ಕೌಂಟರಿನ ಕಟ್ಟಿನಿಂದ ಹಾಳೆಯೊಂದನ್ನು ಎಳೆದು ಅವನ ಮುಂದಿಟ್ಟು ಮೊದಲ ಸಾಲಿನ ಮೇಲೆ ಬೆರಳಿಟ್ಟ.

'ಒಂದು: ಯಾರು ಎಷ್ಟೇ ಕೇಳಿಕೊಂಡರೂ ಬೇರೆಯವರ ಗಂಟು ಒಯ್ಯಬೇಡಿ.'

"ಒಳ್ಳೇ ಸಲಹೆ ಬರೆದಿದ್ದೀಯ," ಎಂದ.