ಕೊಳಲಯ್ಯನ ಸಂಜೆ ಪಾಠ

ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಮನೆ ಸೇರಲು ಗುಮಾಸ್ತ ಹೇಳಿದ್ದು ಒಂದೇ ಒಂದು ಸುಳ್ಳು: "ಸಂಜೆ ಕೊಳಲಿನ ಪಾಠ ಇದೆ ಸರ್." ಹೊರಡುವ ಹೊತ್ತಿಗೆ ಹೊಸ ಫೈಲು ತೆಗೆಯುವ ಸಾಹೇಬರು ಸಂಗೀತ ಎಂದರೆ ಮೆತ್ತಗಾಗುತ್ತಿದ್ದರು. ಹಾಗೆ ಅವನಿಗೆ ಕೊಳಲಯ್ಯ ಎಂಬ ಹೆಸರು ಬಿತ್ತು. ದಿನಾ ಸಂಜೆ ಮನೆಯ ಬೆಂಚಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುವ ಸುಖವೂ ಸಿಕ್ಕಿತು. ಕೊಳಲನ್ನು ಮಾತ್ರ ಅವನು ಮುಟ್ಟಿಯೇ ಇರಲಿಲ್ಲ.

ಈಗ ಸಾಹೇಬರಿಗೆ ನಿವೃತ್ತಿ. "ನನಗೆ ಹಾರ ತುರಾಯಿ ಬೇಡ, ಕೊಳಲಯ್ಯ ನುಡಿಸಿದ್ರೆ ಸಾಕು" ಎಂದುಬಿಟ್ಟಿದ್ದರು. ಬೀಳ್ಕೊಡುಗೆ ಇವತ್ತೇ ಮಧ್ಯಾಹ್ನ. ಸುಳ್ಳು ಬಯಲಾದರೆ ಇಡೀ ಕಚೇರಿಯ ಮುಂದೆ ಮಾನ ಹರಾಜು.

ಬೆಳಿಗ್ಗೆ ಎದ್ದವನೇ, ಹಿಂದಿನ ದಿನ ಕೊಂಡುತಂದ ಕೊಳಲನ್ನು ಊದಿದ. ಒಲೆ ಊದಿದ ಹಾಗೆ ಬರೀ ಗಾಳಿ ಬಂತು.

"ರೀ, ಪೀಪಿ ಥರ ನೆಟ್ಟಗೆ ಹಿಡ್ಕೊಂಡ್ರೆ ಹೇಗೆ? ಅಡ್ಡ ಹಿಡೀರಿ" ಎಂದಳು ಹೆಂಡತಿ.

ಅಡ್ಡ ಹಿಡಿದ. ಗಾಳಿಯೂ ಅಡ್ಡಕ್ಕೆ ಹೋಯಿತು.

ಕರೆಯದೆ ಬರುವುದು ನೆರೆಯವರ ಧರ್ಮ. ಪಕ್ಕದ ಮನೆಯ ಬಡಗಿ ಕೊಳಲನ್ನು ತಿರುಗಿಸಿ ನೋಡಿ, "ಬಿದಿರು ತುಂಬಾ ಒಣಗಿದೆ ಅಣ್ಣ, ಅದಕ್ಕೇ ಗಂಟಲು ಕಟ್ಟಿದೆ" ಎಂದು ಬಕೆಟ್ಟಿನಲ್ಲಿ ಮುಳುಗಿಸಿದ. ಮಹಡಿ ಮನೆಯ ಅಜ್ಜಿ ಇಳಿದು ಬಂದು, "ಒದ್ದೆ ಬಿದಿರು ಎಲ್ಲಾದ್ರೂ ಹಾಡತ್ತೇನಪ್ಪ?" ಎಂದು ಅದನ್ನು ಕಿತ್ತುಕೊಂಡು ಹೋಗಿ ತಾರಸಿಯ ಕಾದ ತಗಡಿನ ಮೇಲಿಟ್ಟರು. ತುಸು ಹೊತ್ತಿಗೆ ಚಟ್ ಎಂಬ ಸದ್ದು ಕೇಳಿತು. ಕೊಳಲು ಉದ್ದಕ್ಕೂ ಸೀಳಿತ್ತು. ಅಂದು ಅದು ಹೊರಡಿಸಿದ ಮೊದಲ ನಾದ ಅದೇ.

ಅಜ್ಜಿಯ ಮುಖ ಸಪ್ಪಗಾಯಿತು. ಕೊಳಲಯ್ಯನಿಗೆ ಮಾತ್ರ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಒಡೆದ ಕೊಳಲನ್ನು ಯಾರು ತಾನೇ ನುಡಿಸು ಎನ್ನುತ್ತಾರೆ?

ಸಭೆಯಲ್ಲಿ ಸೀಳಿದ ಕೊಳಲನ್ನು ಎತ್ತಿ ತೋರಿಸಿ, ಮುಖ ಬಾಡಿಸಿ ನಿಂತ. "ನುಡಿಸೋ ಭಾಗ್ಯ ಇಲ್ಲ. ಇದರ ಕತೆಯನ್ನಾದ್ರೂ ಹೇಳ್ತೀನಿ" ಎಂದ. ದುಂಬಿ ಬಿದಿರನ್ನು ಕೊರೆದದ್ದು, ಆ ತೂತಿನಲ್ಲಿ ಗಾಳಿ ನುಗ್ಗಿ ಕಾಡೇ ಹಾಡಿದ್ದು, ದನ ಕಾಯುವವನೊಬ್ಬ ಅದನ್ನು ಕೇಳಿ ಮೊದಲ ಕೊಳಲು ಕೊಯ್ದದ್ದು, ಎಲ್ಲೆಲ್ಲೋ ಕೇಳಿದ್ದನ್ನೆಲ್ಲ ಹೊಸೆದು ಹೇಳಿದ. ಸಭೆ ಮೈಮರೆತು ಕೇಳಿತು. ಗೆದ್ದೆ ಎಂದುಕೊಂಡ.

ಸಾಹೇಬರು ಕಣ್ಣೊರೆಸಿಕೊಂಡು ಎದ್ದುಬಂದರು. "ನಮ್ಮಪ್ಪ ಕೊಳಲು ಮಾಡ್ತಿದ್ರು. ನಾನೂ ನುಡಿಸ್ತೀನಿ. ಸಂಕೋಚಕ್ಕೆ ಯಾರಿಗೂ ಹೇಳಿರ್ಲಿಲ್ಲ" ಎಂದರು.

ಕೊಳಲಯ್ಯ ಕೊಳಲನ್ನು ಬೆನ್ನ ಹಿಂದೆ ಸರಿಸಲು ನೋಡಿದ.

ಸಾಹೇಬರು ಸೀಳನ್ನು ಬೆರಳಿನಿಂದ ಸವರಿದರು. "ನೆನೆಸಿ ಬಿಸಿಲಿಗಿಟ್ಟಿದ್ದೀರಿ. ಇದು ತಪ್ಪು ಅಂತಾನೂ ಕಲಿಸಿಲ್ಲ ಅಂದ್ರೆ ಆ ಸಂಜೆ ಪಾಠದ ಮೇಷ್ಟ್ರು ನಿಮಗೆ ಇಷ್ಟು ದಿನ ಟೋಪಿ ಹಾಕಿದಾರೆ. ಬಿಟ್ಬಿಡಿ ಅವರನ್ನ."

"ಬಿಟ್ಟೆ ಸರ್" ಎಂದ ಕೊಳಲಯ್ಯ, ಹೋದ ಜೀವ ಬಂದವನಂತೆ.

"ನಾಳೆಯಿಂದ ದಿನಾ ಸಂಜೆ ನಮ್ಮನೆಗೆ ಬನ್ನಿ, ನಾನೇ ಹೇಳ್ಕೊಡ್ತೀನಿ. ಇನ್ನು ನನಗೇನು ಕೆಲಸ? ಎಷ್ಟು ಹೊತ್ತಾದ್ರೂ ಕೂತಿರ್ತೀನಿ."

"ನಿಮಗ್ಯಾಕೆ ಸರ್ ತೊಂದರೆ" ಎಂದು ಕೊಳಲಯ್ಯ ತೊದಲುವಷ್ಟರಲ್ಲಿ, ಅವರ ಜಾಗಕ್ಕೆ ಬಂದಿದ್ದ ಹೊಸ ಸಾಹೇಬರು ಕೈಮುಗಿದು ಎದ್ದರು.

"ಇವರು ಒಂದು ದಿನಾನೂ ತಪ್ಪಿಸ್ಕೊಳ್ಳದ ಹಾಗೆ ನಾನು ನೋಡ್ಕೋತೀನಿ ಸರ್. ನಿಮ್ಮ ಮನೆ ಎದುರುಗಡೇನೇ ನಮ್ಮನೆ. ದಿನಾ ನನ್ನ ಕಾರಲ್ಲೇ ಕರ್ಕೊಂಡು ಬರ್ತೀನಿ."