ಅತ್ತೆಯ ತಕ್ಕಡಿ

ನಮ್ಮ ಅತ್ತೆಯಷ್ಟು ನ್ಯಾಯ ನೋಡುವವರು ಹೈಕೋರ್ಟಿನಲ್ಲೂ ಇರಲಿಕ್ಕಿಲ್ಲ. ಅಷ್ಟು ತಲೆ ತಿನ್ನುವವರೂ ಇರಲಿಕ್ಕಿಲ್ಲ! ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು, ಹುಣಸೆಹಣ್ಣಿನ ವ್ಯಾಪಾರ ಹಿಡಿದಾಕೆ. ಅಡುಗೆಮನೆಯಲ್ಲೂ ಒಂದು ತಕ್ಕಡಿ ನೇತುಹಾಕಿದ್ದಳು. ಯಾಕೆ ಹೇಳಿ? ಅಣ್ಣನ ಮುದ್ದೆಯನ್ನೂ ನನ್ನ ಮುದ್ದೆಯನ್ನೂ ತೂಗಲಿಕ್ಕೆ!

ಗಂಡುಮಕ್ಕಳಿಗೆ ದೊಡ್ಡ ಮುದ್ದೆ, ಹೆಂಗಸರಿಗೆ ಮಡಕೆಯ ತಳದ್ದು. ಇದು ಊರ ಪದ್ಧತಿ. ಅತ್ತೆ ಒಪ್ಪಬೇಕಲ್ಲ! ಯಾವ ತಟ್ಟೆ ವಾಲಿತೋ ಅದರಿಂದ ಚಿವುಟಿ ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಗ ಇನ್ನೊಂದು ವಾಲುತ್ತಿತ್ತು. ಅದರಿಂದಲೂ ಒಂದು ಚಿವುಟು! ಮುಳ್ಳು ನಡುವೆ ನಿಲ್ಲುವಷ್ಟರಲ್ಲಿ ಸಾರು ಆರಿ, ನಾನು ಅಳು ಶುರುಮಾಡಿರುತ್ತಿದ್ದೆ. ಸಮಾನತೆಗಿಂತ ಬಿಸಿ ಸಾರೇ ಮೇಲೆಂಬುದು ಆಗಿನ ನನ್ನ ಘನ ಸಿದ್ಧಾಂತ.

ಅಣ್ಣ ಒಮ್ಮೆ ಡುಮ್ಕಿ ಹೊಡೆದ ಕೃಪೆಯಿಂದ ಇಬ್ಬರೂ ಕಲ್ಯಾಣದುರ್ಗದಲ್ಲಿ ಒಟ್ಟಿಗೇ ಹತ್ತನೆಯ ತರಗತಿ ಪಾಸಾದೆವು. ಹಿಂದೂಪುರದ ಸಾಹುಕಾರರು ಹಣ್ಣು ಕೊಳ್ಳಲು ಬಂದ ದಿನ ಅಪ್ಪ ಅಂಗಳದಲ್ಲೇ ತೀರ್ಪು ಕೊಟ್ಟರು: “ಇವ್ನ ಹಿಂದೂಪುರದ ಕಾಲೇಜಿಗೆ ಸೇರಿಸ್ತೀನಿ. ಇವ್ಳಿಗೆ ಓದಿದ್ದು ಸಾಕು ಕಣಕ್ಕ, ಮದ್ವೆ ಮಾಡ್ಬುಡಾನ.”

ಟೀಚರಾಗುವ ಆಸೆಗೆ ಕೊಟ್ಟಿಗೆಯ ಎಮ್ಮೆಗಳಿಗೆಲ್ಲ ಪಾಠ ಹೇಳಿದ್ದ ನಾನು, ಅಪ್ಪನೆದುರು ಕಂಬದಂತೆ ನಿಂತೆ. ಎಮ್ಮೆಯಾದರೂ ಒಂದು ಸಲ ಕೂಗುತ್ತಿತ್ತು!

ಅತ್ತೆ ಮೂಟೆ ತೂಗುವ ದೊಡ್ಡ ತಕ್ಕಡಿ ತೋರಿಸಿದಳು. “ಇಬ್ರೂ ಹತ್ತಿ ಕುಂತ್ಕಳ್ರಿ!”

“ನಾ ಕೂರಲ್ಲ ಅತ್ತೆ, ಎಲ್ರೂ ನಗ್ತಾರೆ.”

“ನಗ್ಲಿ ಬಿಡಮ್ಮಿ, ಅವ್ರೇನು ಫೀಜು ಕಟ್ತಾರಾ?”

ಕೂತೆ. ಅಷ್ಟು ವರ್ಷದ ಮುದ್ದೆ ಸುಮ್ಮನಿರುತ್ತದೆಯೇ? ನನ್ನ ತಟ್ಟೆ ದಡಕ್ಕನೆ ನೆಲ ಮುಟ್ಟಿತು; ಕಡ್ಡಿಯಂಥ ಅಣ್ಣ ಆಕಾಶದಲ್ಲಿ ಕಾಲಾಡಿಸುತ್ತಿದ್ದ!

“ಅಮ್ಮಾಯೇ ಗೆಲಿಚಿಂದಿ!” ಎಂದು ಸಾಹುಕಾರರು ತೆಲುಗಿನಲ್ಲಿ ನನ್ನ ಗೆಲುವು ಸಾರಿದರು.

“ನೋಡ್ಲಾ,” ಎಂದಳು ಅತ್ತೆ ಅಪ್ಪನಿಗೆ, “ಹಗೂರದ್ದನ್ನ ಕಾಲೇಜಿಗೆ ಕಳಿಸಿ ತೂಕದ್ದನ್ನ ಮೂಲೆಗೆ ಹಾಕ್ತೀಯಾ? ಕಳಿಸೋದಾದ್ರೆ ಇಬ್ರುನೂ ಕಳ್ಸು. ಇಲ್ದಿದ್ರೆ ಇವತ್ತು ಒಂದು ಮೂಟೆನೂ ತೂಗಲ್ಲ!”

ಅಪ್ಪ ಬೈಯಲು ಹೋಗಿ ನಕ್ಕುಬಿಟ್ಟರು. ಹಾಗೆ ಬುದ್ಧಿಯಿಂದಲ್ಲ, ಮೈಯ ಭಾರದಿಂದ ಕಾಲೇಜು ಸೇರಿದವಳು ನಾನು!

ಮೊದಲ ರಜೆಗೆ ಬಂದಾಗ ನಾನೇ ಮುದ್ದೆ ಕಟ್ಟಿದೆ. ಆಗ ಹೊಳೆಯಿತು: ಅತ್ತೆಯ ಮುದ್ದೆ ಎಂದೂ ತಕ್ಕಡಿ ಹತ್ತಿರಲಿಲ್ಲ. ನಮಗೆ ತೂಗಿದವಳು ಮಡಕೆಯ ತಳ ಕೆರೆದು ಉಣ್ಣುತ್ತಿದ್ದಳು. ಒಂದು ತಟ್ಟೆಗೆ ನನ್ನದು, ಇನ್ನೊಂದಕ್ಕೆ ಅವಳದು ಇಟ್ಟೆ. ಅವಳ ಕಡೆ ವಾಲಿತು. ವಾಲಲೆಂದೇ ಕಟ್ಟಿದ್ದೆ.

ಅತ್ತೆ ತನ್ನ ಮುದ್ದೆಯಿಂದ ಚಿವುಟಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ; ನನ್ನ ತಟ್ಟೆಗೆ ಹಾಕಿದಳು.

“ಓದೋರ್ಗೆ ಹಸಿವು ಜಾಸ್ತಿ ಕಣಮ್ಮಿ.”

ಹುಟ್ಟಿದಾಗಿನಿಂದ ಮುದ್ದೆಗೆ ಬೇಡವೆನ್ನದ ನಾನು, ಆ ಒಂದು ತುತ್ತನ್ನು ಮತ್ತೆ ಅವಳ ತಟ್ಟೆಗೇ ಹಾಕಿದೆ.