ಡಾಕ್ಟರ್ ಹಿಡಿಯುವ ಮಾವ

ನಮ್ಮ ಕಡೆ ಹಾವು ಹಿಡಿಯುವವರಿದ್ದರು, ಮೀನು ಹಿಡಿಯುವವರಿದ್ದರು. ನನ್ನ ಸೋದರಮಾವ ಮಾತ್ರ ಡಾಕ್ಟರ್ ಹಿಡಿಯುತ್ತಿದ್ದರು. ಹಾವು ಹಿಡಿಯುವುದಕ್ಕಿಂತ ಇದು ಕಷ್ಟ ಅಂತ ಅವರೇ ಹೇಳುತ್ತಿದ್ದರು. ಬುಟ್ಟಿಗೆ ಬಿದ್ದ ಮೇಲೆ ಹಾವು ಸಂಬಳ ಎಷ್ಟು ಅಂತ ಕೇಳುವುದಿಲ್ಲವಂತೆ.

ಇದೆಲ್ಲ ಅರವತ್ತರ ದಶಕದ ಮಾತು. ನಾನು ಹುಟ್ಟುವುದಕ್ಕೆ ಮೊದಲಿನದು. ಆದರೆ ಇದು ನಡೆಯದೆ ಹೋಗಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ, ಆದ್ದರಿಂದ ಹೇಳುವ ಹಕ್ಕು ನನಗಿದೆ. ಅಮ್ಮ ಒಂದು ಥರ ಹೇಳುತ್ತಿದ್ದಳು, ಅಪ್ಪ ಇನ್ನೊಂದು ಥರ. ಮಾವ ಎರಡನ್ನೂ ಒಪ್ಪುತ್ತಿರಲಿಲ್ಲ. ನಾನು ಮೂರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮಾವನ ಊರು ತೀರ್ಥಹಳ್ಳಿ ಹತ್ತಿರ. ಕೆಲಸ ಬಯಲುಸೀಮೆಯ ಒಂದು ಪೇಟೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ. ಅಲ್ಲಿಗೆ ಅವರೇ ದೊಡ್ಡ ಡಾಕ್ಟರು. ದೊಡ್ಡ ಡಾಕ್ಟರು ಅಂದಮೇಲೆ ಕೆಳಗೆ ಸಣ್ಣ ಡಾಕ್ಟರುಗಳೂ ಇರಬೇಕಲ್ಲ? ಇರುತ್ತಿರಲಿಲ್ಲ. ಬರುತ್ತಿದ್ದರು, ಮೂರ್ನಾಲ್ಕು ತಿಂಗಳು ಮುಖ ಸಪ್ಪೆ ಮಾಡಿಕೊಂಡು ಓಡಾಡುತ್ತಿದ್ದರು, ಒಂದು ದಿನ ಟ್ರಂಕು ಹೊತ್ತುಕೊಂಡು ಹೋಗಿಬಿಡುತ್ತಿದ್ದರು. ಆಮೇಲೆ ವಾರ್ಡುಗಟ್ಟಲೆ ರೋಗಿಗಳಿಗೆ ಮಾವ ಒಬ್ಬರೇ.

ಹೋದವರನ್ನು ಬಯ್ಯುವ ಹಾಗೂ ಇರಲಿಲ್ಲ. ಸಾಗರದ ಸರ್ಕಾರಿ ಡಾಕ್ಟರಿಗೂ ಅದೇ ಸಂಬಳ, ಇವರಿಗೂ ಅದೇ ಸಂಬಳ. ಆದರೆ ಸಾಗರದ ಡಾಕ್ಟರು ಸಂಜೆ ಮನೆಯ ಜಗಲಿಯಲ್ಲಿ ಕೂತರೆ ನಾಲ್ಕು ಜನ ಜ್ವರದವರು ಬರುತ್ತಾರೆ, ಫೀಸು ಕೊಡುತ್ತಾರೆ, ಮೇಲೊಂದು ಬಾಳೆಗೊನೆ. ಮಾನಸಿಕ ಡಾಕ್ಟರ ಜಗಲಿಗೆ ಯಾರು ಬರುತ್ತಾರೆ ಹೇಳಿ? ಪಕ್ಕದ ಮನೆಯವರು ನೋಡಿಬಿಟ್ಟರೆ ಮಗಳ ಮದುವೆ ನಿಂತೇಹೋಯಿತು. ಬಾಳೆಗೊನೆ ಹಾಗಿರಲಿ, ಈ ಡಾಕ್ಟರುಗಳಿಗೆ ಬಾಡಿಗೆ ಮನೆ ಕೊಡುವವರೂ ಇರಲಿಲ್ಲ, ಆಸ್ಪತ್ರೆಯ ಕ್ವಾರ್ಟರ್ಸೇ ಗತಿ.

ಅದಕ್ಕೇ ಮಾವ ಹಿಡಿಯಲು ಹೊರಡುತ್ತಿದ್ದರು. ಅವರ ಬೇಟೆಯ ಜಾಗ ಮದುವೆಮನೆ. ರಜೆ ಹಾಕಿ ಬಂದರೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಯಾವ ಮದುವೆಯನ್ನೂ ಬಿಡುತ್ತಿರಲಿಲ್ಲ. ಕರೆದಿದ್ದಾರಾ ಇಲ್ಲವಾ ಎನ್ನುವುದು ಅವರಿಗೆ ಸಣ್ಣ ವಿಷಯ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದು ತಿಳಿಯುತ್ತಿದ್ದರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದು. ಇಬ್ಬರೂ ಕೈಮುಗಿದು ಒಳಗೆ ಕರೆಯುತ್ತಿದ್ದರು.

ಒಳಗೆ ಹೋದವರು ಹೊಸದಾಗಿ ಡಾಕ್ಟರಾದ ಹುಡುಗ ಯಾರು ಅಂತ ಹುಡುಕುತ್ತಿದ್ದರು. ಅದೇನು ಕಷ್ಟವಲ್ಲ, ಹುಡುಗನ ಅಪ್ಪ ಚಪ್ಪರದ ಕಂಬಕಂಬಕ್ಕೂ ಹೇಳುತ್ತಾ ಓಡಾಡುತ್ತಿರುತ್ತಾರೆ. ಆಮೇಲೆ ಊಟದ ಪಂಕ್ತಿಯಲ್ಲಿ ಅವನ ಪಕ್ಕದ ಎಲೆಗೇ ಹೋಗಿ ಕೂರುವುದು. ಪಂಕ್ತಿಯಲ್ಲಿ ಹಿರಿಯರ ಊಟ ಮುಗಿಯುವ ಮುಂಚೆ ಕಿರಿಯರು ಏಳುವ ಹಾಗಿಲ್ಲ. ಮಾವ ಉಣ್ಣುತ್ತಿದ್ದುದೋ, ಒಂದೊಂದೇ ಅಗುಳು.

"ಎಂತ ಮಾಡ್ಬೇಕಂತಿದೀಯ ಮಾರಾಯ ಮುಂದೆ?"

"ಇನ್ನೂ ಯೋಚ್ನೆ ಮಾಡಿಲ್ಲ ಸಾರ್."

"ಒಳ್ಳೇದಾಯ್ತು. ಯೋಚ್ನೆ ಮಾಡಿದವ್ರು ಯಾರೂ ನಮ್ಮಲ್ಲಿಗೆ ಬರಲ್ಲ."

ಸಾರು ಬರುವಾಗ ಶುರುವಾದದ್ದು ಪಾಯಸ ಬರುವಾಗ ಮುಗಿಯುತ್ತಿತ್ತು. ಹುಡುಗ ಕೈತೊಳೆಯುವ ಆಸೆಗಾದರೂ ಹ್ಞೂ ಅನ್ನುತ್ತಿದ್ದ. ನನ್ನ ಅಪ್ಪ ಸಿಕ್ಕಿಬಿದ್ದದ್ದೂ ಹೀಗೆಯೇ, ಸಾಗರದ ಒಂದು ಮದುವೆಯಲ್ಲಿ. ಮಜ್ಜಿಗೆ ಬರುವ ತನಕ ತಡೆದುಕೊಂಡಿದ್ದೆ ಅಂತ ಅಪ್ಪ ಕೊನೆಯವರೆಗೂ ಜಂಬ ಕೊಚ್ಚುತ್ತಿದ್ದರು.

ಹಿಡಿಯುವುದು ಅರ್ಧ ಕೆಲಸ ಅಷ್ಟೆ. ಉಳಿಸಿಕೊಳ್ಳುವುದು ಹೇಗೆ? ಸಂಬಳ ಕಮ್ಮಿ ಎಂಬುದರ ಜೊತೆಗೆ ಇನ್ನೊಂದು ತೊಂದರೆಯಿತ್ತು. ಆ ಆಸ್ಪತ್ರೆಯ ಡಾಕ್ಟರಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಆಗೆಲ್ಲ ಜನ ಅದನ್ನು ಹುಚ್ಚಾಸ್ಪತ್ರೆ ಅಂತಲೇ ಕರೆಯುತ್ತಿದ್ದದ್ದು. ಹುಡುಗ ಏನು ಮಾಡ್ಕೊಂಡಿದ್ದಾನೆ ಅಂತ ಕೇಳಿದರೆ "ಹುಚ್ಚಾಸ್ಪತ್ರೇಲಿದ್ದಾನೆ" ಎನ್ನಬೇಕು. ಆಮೇಲೆ ಯಾವ ಕಡೆ ಇದ್ದಾನೆ ಅಂತ ಬಿಡಿಸಿ ಹೇಳಬೇಕು.

ಸರಿ, ಮಾವ ಹೆಣ್ಣು ಹುಡುಕುವುದಕ್ಕೂ ನಿಂತರು. ಅವರಿಗೇ ಮದುವೆಯಾಗಿರಲಿಲ್ಲ, ಅದು ಬೇರೆ. ಅಪ್ಪನನ್ನು ಕರೆದುಕೊಂಡು ಹೊಸನಗರದ ಒಂದು ಮನೆಗೆ ಹೋದರು. ಉಪ್ಪಿಟ್ಟು ಕಾಫಿ ಆಯಿತು. ಹುಡುಗಿ ಬಂದು ಕೂತಳು. ಆಗ ಮೂಲೆಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತಾ ಕೂತಿದ್ದ ಹುಡುಗಿಯ ಅಜ್ಜ ಬಾಯಿ ತೆಗೆದರು.

"ಅಲ್ಲಾ ಡಾಕ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಆ ಕಾಯ್ಲೆ ಅಂಟುತ್ತಾ?"

"ಅಂಟೋದೆಲ್ಲಿ ಬಂತು ಅಜ್ಜಯ್ಯಾ? ಇಷ್ಟು ವರ್ಷದಿಂದ ನಾನು ಅಲ್ಲೇ ಇದೀನಿ. ನೀವೇ ನೋಡಿ, ನಂಗೆ ಅಂಟಿದೆಯಾ?"

ಅಜ್ಜ ಕನ್ನಡಕ ಹಾಕಿಕೊಂಡು ಮಾವನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ಮಾವ ಬೇರೆ ಬೇರೆ ಜೋಡಿಯ ಕಾಲುಚೀಲ ಹಾಕಿದ್ದರು, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಅದ್ಕೇ ಕೇಳಿದ್ದು," ಎಂದರು ಅಜ್ಜ.

ಆ ಸಂಬಂಧ ಅಲ್ಲಿಗೆ ಮುಗಿಯಿತು.

ಸಂಬಳ ಏರಿಸಿ ಎಂದು ಕೇಳಲು ಮಾವ ಬೆಂಗಳೂರಿಗೂ ಹೋಗುತ್ತಲೇ ಇದ್ದರು. ಒಬ್ಬ ದೊಡ್ಡ ಅಧಿಕಾರಿ ಇವರನ್ನು ಕೂರಿಸಿ ಪಾಠ ಮಾಡಿದರಂತೆ. "ಡಾಕ್ಟರುಗಳಿಗೆ ಸೇವಾ ಮನೋಭಾವ ಇರ್ಬೇಕು ರೀ."

"ಇದೆ ಸಾರ್. ಅಂಗಡಿಗೆ ತಗೊಂಡು ಹೋದ್ರೆ ಅದಕ್ಕೆ ಅಕ್ಕಿ ಕೊಡಲ್ಲ."

"ಎಲ್ಲಾ ಡಾಕ್ಟರಿಗೂ ಒಂದೇ ಸಂಬಳ. ನಿಮ್ಮವರಿಗೆ ಮಾತ್ರ ಯಾಕ್ರೀ ಹೆಚ್ಚು?"

ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು. "ನಿಮಗೆ ಮದುವೆಗೆ ಬಂದ ಮಗಳಿದ್ದಾಳಾ ಸಾರ್?"

"ಇದ್ದಾಳೆ. ಯಾಕೆ?"

"ನಮ್ಮಲ್ಲೊಬ್ಬ ಒಳ್ಳೇ ಹುಡುಗ ಇದಾನೆ. ಡಾಕ್ಟ್ರು. ಸಿಗರೇಟಿಲ್ಲ, ಎಲೆಅಡಿಕೆ ಕೂಡ ಇಲ್ಲ. ಅದೇ ಒಂದೇ ಸಂಬಳ. ಯಾವಾಗ ಕಳಿಸ್ಲಿ ನೋಡೋದಕ್ಕೆ?"

ಅಧಿಕಾರಿ ಆ ಕ್ಷಣವೇ ಫೈಲು ಎಳೆದುಕೊಂಡು "ಪರಿಶೀಲಿಸಬಹುದು" ಎಂದು ಬರೆದು ಮೇಲಕ್ಕೆ ಕಳಿಸಿದರು. ನನ್ನ ಇಷ್ಟು ವರ್ಷದ ಅರ್ಜಿಗೆ ಅಲುಗಾಡದ್ದು ಅವರ ಮಗಳಿಂದ ಅಲುಗಾಡಿತು ಅಂತ ಮಾವ ಊರಿಗೆಲ್ಲ ಹೇಳಿಕೊಂಡು ಬಂದರು. ಮೇಲೆ ಹೋದ ಫೈಲು ಅಲ್ಲೇ ಮತ್ತೆ ಮಲಗಿತು.

ಅಷ್ಟರಲ್ಲಿ ಅಪ್ಪ ಹೊರಡುತ್ತೇನೆ ಎಂದರು. ಸಾಗರದಲ್ಲಿ ದವಾಖಾನೆ ಇಡಲು ಅವರ ತಂದೆ ಜಾಗ ನೋಡಿ, ಹೆಸರಿನ ಬೋರ್ಡನ್ನೂ ಬರೆಸಿಬಿಟ್ಟಿದ್ದರು. ಮಾವ ಬೇಡ ಅನ್ನಲಿಲ್ಲ. "ಹೋಗು ಮಾರಾಯ. ಹೋಗೋಕೆ ಮುಂಚೆ ನಮ್ಮನೇಲಿ ಒಂದು ಊಟ ಮಾಡ್ಕೊಂಡು ಹೋಗು," ಎಂದರು. ಅಪ್ಪ ಎರಡನೇ ಸಲ ಊಟದಲ್ಲೇ ಸಿಕ್ಕಿಬಿದ್ದರು. ಬಡಿಸಲು ಬಂದವಳು ಮಾವನ ಸ್ವಂತ ತಂಗಿ, ನನ್ನ ಅಮ್ಮ.

ವಿಷಯ ಗೊತ್ತಾಗಿ ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದರಂತೆ. "ಹೆತ್ತ ತಾಯಿ ಇನ್ನೂ ಬದುಕಿದೀನಿ. ಒಡಹುಟ್ಟಿದ ತಂಗೀನ ಹುಚ್ಚಾಸ್ಪತ್ರೆಗೆ ಕೊಡ್ತೀಯನಾ?"

ಮಾವನಿಗಿಂತ ಮೊದಲು ಅಮ್ಮನೇ ಹೇಳಿದಳು. "ಹುಟ್ಟಿದಾಗಿಂದ ಅಣ್ಣನ ಜೊತೆ ಇದೀನಲ್ಲಮ್ಮ. ಅಲ್ಲಿ ಹೊಸದೇನಿರುತ್ತೆ?"

ಅಪ್ಪ ಆ ಮಾತಿಗೇ ಬಿದ್ದದ್ದು. ಆದರೂ ಷರತ್ತು ಹಾಕಿಯೇ ತಾಳಿ ಕಟ್ಟಿದರು. ಒಂದು ವರ್ಷ ನೋಡುತ್ತೇನೆ, ಅಷ್ಟರಲ್ಲಿ ಸಂಬಳ ಏರದಿದ್ದರೆ ಹೆಂಡತಿಯನ್ನು ಕರೆದುಕೊಂಡು ಸಾಗರಕ್ಕೆ. ಮಾವ ಒಪ್ಪಿದರು. ಕ್ವಾರ್ಟರ್ಸಿನ ಮಂಚದ ಕೆಳಗೆ ಅಪ್ಪನ ಟ್ರಂಕು ತಯಾರಾಗಿಯೇ ಇರುತ್ತಿತ್ತು.

ಆ ವರ್ಷ ಮಾವ ಹೆಂಗಸರ ವಾರ್ಡನ್ನು ಅಪ್ಪನಿಗೆ ವಹಿಸಿದರು. ಅಲ್ಲಿ ಹೂವಮ್ಮ ಅಂತ ಒಬ್ಬಾಕೆ ಇದ್ದಳು. ಮನೆಯವರು ತಂದು ಸೇರಿಸಿ ಬಹಳ ಕಾಲವಾಗಿತ್ತು. ಮನೆಯಲ್ಲಿ ನಿಲ್ಲುವುದಿಲ್ಲ, ಸಿಕ್ಕಿದ ದಾರಿ ಹಿಡಿದು ನಡೆದುಬಿಡುತ್ತಾಳೆ ಎನ್ನುವುದು ಅವರ ದೂರು. ಹೊಸ ಡಾಕ್ಟರು ಬಂದಾಗಲೆಲ್ಲ ಅವಳು ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಹೇಳುತ್ತಿದ್ದಳು.

"ನನ್ನ ಮನೆ ನೀರಿನಡಿಗೆ ಐತಿ ಡಾಕ್ಟ್ರಯ್ಯ. ಬಾವಿ, ಕೊಟ್ಟಿಗೆ, ಚೌಡಿ ದೇವ್ರ ಕಲ್ಲು, ಎಲ್ಲಾ ನೀರಿನಡಿಗೆ. ಅದರ ಮ್ಯಾಲೆ ದೋಣಿ ಹೋತಾವೆ."

ಬಂದ ಡಾಕ್ಟರುಗಳು ದೂರದ ಊರಿನವರು. ಮುಂದಿನ ಮಾತು ಕೇಳುವ ಮೊದಲೇ ಅವರಿಗೆ ಕಾಯಿಲೆ ಗೊತ್ತಾಗಿಬಿಡುತ್ತಿತ್ತು. ರೌಂಡ್ಸಿನಲ್ಲಿ ಮಾವನಿಗೂ ಹೇಳುತ್ತಿದ್ದರು. "ಗಟ್ಟಿ ಭ್ರಮೆ ಸಾರ್. ಮನೆ ನೀರೊಳಗಿದೆ ಅಂತಾಳೆ." ನೂರಾರು ಜನರನ್ನು ನೋಡಬೇಕಾದ ಮಾವ ನಡೆಯುತ್ತಲೇ ಹ್ಞೂ ಅನ್ನುತ್ತಿದ್ದರು. ಮಾತ್ರೆ ಏರುತ್ತಿತ್ತು. ನಾಲ್ಕು ತಿಂಗಳಿಗೆ ಆ ಡಾಕ್ಟರು ಹೋಗುತ್ತಿದ್ದರು, ಇನ್ನೊಬ್ಬರು ಬರುತ್ತಿದ್ದರು. ಹೂವಮ್ಮ ಮತ್ತೆ ಸೆರಗು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡುತ್ತಿದ್ದಳು.

ಅಪ್ಪನಿಗೂ ಅದನ್ನೇ ಹೇಳಿದಳು. ಅಪ್ಪ ಕೇಳಿದರು. "ಯಾವೂರಮ್ಮ ನಿಮ್ದು?"

ಅವಳು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿದಳು.

ಅಪ್ಪ ಸಾಗರದವರು. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಯಾವ ಯಾವ ಊರು ಮುಳುಗಿತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ನೆಂಟರ ಮನೆಯೇ ಹೋಗಿತ್ತು. "ಹೌದಲ್ಲಮ್ಮ. ನಿಮ್ಮೂರು ಮುಳುಗೋಯ್ತು. ನಾನೂ ನೋಡಿದೀನಿ," ಎಂದರು.

ಹೂವಮ್ಮ ಅಪ್ಪನ ಮುಖವನ್ನೇ ನೋಡಿದಳು. "ಹೌದನಾ?" ಎಂದಳು. "ಹೌದು," ಎಂದರು ಅಪ್ಪ. ಆಮೇಲೆ ಅವಳು ಅತ್ತದ್ದು. ಅಷ್ಟು ದಿನದಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ. ಸರ್ಕಾರ ಕೊಟ್ಟ ಹೊಸ ಜಾಗದಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಮನೆಗೆ ಹೋಗಿ ಬರುತ್ತೇನೆ ಅಂತ ಹೊರಡುತ್ತಿದ್ದಳು. ದುಃಖ ಮಿತಿಮೀರಿತ್ತು, ಚಿಕಿತ್ಸೆ ಬೇಕಿತ್ತು, ಅದು ನಿಜ. ಆದರೆ ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಅಪ್ಪ ಸಂಜೆ ಇದನ್ನು ಹೇಳಿದಾಗ ಮಾವ ಕಾಫಿ ಲೋಟ ಕೆಳಗಿಟ್ಟರು. ಅವರೂ ಆ ನೀರಿನ ಮೇಲೆ ಲಾಂಚಿನಲ್ಲಿ ಎಷ್ಟೋ ಸಲ ದಾಟಿದವರು, ಯಾವುದೋ ಮದುವೆಗೆ, ಯಾವನೋ ಹುಡುಗನನ್ನು ಹಿಡಿಯಲು. "ನಾನು ಹ್ಞೂ ಅಂದ್ನಲ್ಲ ಮಾರಾಯ," ಎಂದರು. "ಬಂದವ್ರೆಲ್ಲ ಹೇಳಿದ್ರು, ಎಲ್ಲರಿಗೂ ಹ್ಞೂ ಅಂದೆ." ಅಮ್ಮ ಹೇಳುತ್ತಿದ್ದಳು, ಕೆಳಗಿಟ್ಟ ಕಾಫಿಯನ್ನು ಅಣ್ಣ ಮತ್ತೆ ಮುಟ್ಟಲಿಲ್ಲ ಅಂತ.

ಅಪ್ಪನಿಗೆ ಪಾಪ ಅನ್ನಿಸಿತು. "ಭಾವ, ಸಂಬಳ ಹಾಳಾಗೋಗ್ಲಿ. ನಾನು ಇಲ್ಲೇ ಇರ್ತೀನಿ."

"ಬೇಡ," ಎಂದರು ಮಾವ. "ಕನಿಕರಕ್ಕೆ ಉಳಿದವನು ಕನಿಕರ ಮುಗಿದ ದಿನ ಹೋಗ್ತಾನೆ. ನಿಂಗೂ ಮಕ್ಕಳಾಗ್ತವೆ, ಅವಕ್ಕೆ ಹಾಲು ಬೇಕು, ಫೀಸು ಬೇಕು. ಆ ಹೆಂಗ್ಸಿಗೆ ಬೇಕಾಗಿರೋದು ದೊಡ್ಡ ಮನಸ್ಸಿನ ಡಾಕ್ಟ್ರಲ್ಲ ಮಾರಾಯ. ಮುಂದಿನ ವರ್ಷಾನೂ ಇರೋ ಡಾಕ್ಟ್ರು."

ಮಾರನೆಯ ದಿನವೇ ಬೆಂಗಳೂರಿನ ಬಸ್ಸು ಹತ್ತಿದರು. ಅದೇ ಅಧಿಕಾರಿ. ಈ ಸಲ ಮಗಳ ಮಾತೆತ್ತಲಿಲ್ಲ, ತಮಾಷೆಯಿಲ್ಲ. ಹೂವಮ್ಮನ ವಿಷಯ ಹೇಳಿದರು, ತಾನು ಹ್ಞೂ ಅಂದದ್ದನ್ನೂ ಹೇಳಿದರು, ಎದ್ದು ಬಂದರು. ಅಧಿಕಾರಿ ಬಾಗಿಲವರೆಗೆ ಜೊತೆಗೆ ಬಂದರಂತೆ.

ಅಪ್ಪನ ಒಂದು ವರ್ಷ ಮುಗಿಯಿತು. ಅಪ್ಪ ಟ್ರಂಕು ಹೊರಗೆ ತೆಗೆಯಲಿಲ್ಲ, ಅದರಿಂದ ಬಟ್ಟೆಯನ್ನೂ ತೆಗೆಯಲಿಲ್ಲ. ಸಾಗರದಿಂದ ಅವರ ತಂದೆ ಬೋರ್ಡಿಗೆ ಗೆದ್ದಲು ಹಿಡಿಯುತ್ತೆ ಅಂತ ಹೇಳಿ ಕಳಿಸುತ್ತಲೇ ಇದ್ದರು. ಶ್ರಾವಣದಲ್ಲಿ ಆರ್ಡರ್ ಬಂತು. ಮಾನಸಿಕ ಆಸ್ಪತ್ರೆಯ ಡಾಕ್ಟರುಗಳಿಗೆ ಸಂಬಳ ಏರಿತ್ತು, ಮೇಲೊಂದು ಬೇರೆ ಭತ್ಯೆ. ಅಪ್ಪ ಅವತ್ತು ಟ್ರಂಕು ಖಾಲಿ ಮಾಡಿದರು. ಅಮ್ಮ ಅದರಲ್ಲಿ ಅಕ್ಕಿ ತುಂಬಿಸಿದಳು.

ಕೆಲವೇ ದಿನಕ್ಕೆ ಇಬ್ಬರು ಡಾಕ್ಟರುಗಳು ತಾವಾಗಿಯೇ ಅರ್ಜಿ ಹಾಕಿ ಬಂದರು. ಮಾವನಿಗೆ ನಂಬಿಕೆಯೇ ಬರಲಿಲ್ಲ. "ನೀವಾಗೇ ಬಂದ್ರಾ? ಯಾರೂ ಊಟಕ್ಕೆ ಕರ್ದಿಲ್ವಾ?" ಅಂತ ಮತ್ತೆ ಮತ್ತೆ ಕೇಳಿ ಅವರನ್ನು ಹೆದರಿಸಿಬಿಟ್ಟರಂತೆ. ಅವರಿಬ್ಬರೂ ಉಳಿದರು. ಅವರ ಮಕ್ಕಳೊಂದಿಗೇ ನಾನು ಆ ಕ್ವಾರ್ಟರ್ಸಿನಲ್ಲಿ ಕುಂಟೆಬಿಲ್ಲೆ ಆಡಿದ್ದು.

ಆರ್ಡರ್ ಬಂದ ದಿನ ಮಾವ ಸಿಹಿ ಹಂಚುತ್ತಾರೆ, ಎಲ್ಲರ ತಲೆ ತಿನ್ನುತ್ತಾರೆ ಅಂತ ಆಸ್ಪತ್ರೆಯವರೆಲ್ಲ ಅಂದುಕೊಂಡಿದ್ದರು. ಮಾವ ಕಾಣಲೇ ಇಲ್ಲ. ಅಪ್ಪ ಹುಡುಕಿಕೊಂಡು ಹೋದರೆ ಹೆಂಗಸರ ವಾರ್ಡಿನಲ್ಲಿದ್ದರು. ಹೂವಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಹೊಸಬರ್ಯಾರೋ ಬಂದರೆಂದು ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಳು.

"ನನ್ನ ಮನೆ ನೀರಿನಡಿಗೆ..."

"ಗೊತ್ತಮ್ಮ," ಎಂದರು ಮಾವ. "ಇನ್ಮೇಲೆ ನೀವು ಮೊದಲಿಂದ ಹೇಳೋದು ಬೇಡ. ಕೇಳಿದವ್ರು ಇಲ್ಲೇ ಇರ್ತಾರೆ."

ಹೂವಮ್ಮ ಎತ್ತಿದ ಕೈ ಇಳಿಸಿದಳು.

"ಹಂಗಾದ್ರೆ ಮುಂದಿಂದು ಹೇಳ್ಲನಾ?"

ಮಾವ ಸ್ಟೂಲು ಎಳೆದುಕೊಂಡು ಕೂತರು.